ಗಿಟಾರಿನೊಳಗಿನ ಬೀಟೆ ಮತ್ತು ಅದರ ಕಾಗದಪತ್ರ

2011ರ ಆಗಸ್ಟ್ 24ರಂದು ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಮತ್ತು ಮೆಂಫಿಸ್ ನಗರಗಳಲ್ಲಿದ್ದ ಗಿಬ್ಸನ್ ಗಿಟಾರ್ ಕಂಪನಿಯ ಕಾರ್ಖಾನೆಗಳಿಗೆ ಫೆಡರಲ್ ಅಧಿಕಾರಿಗಳು ಶೋಧನಾ ವಾರಂಟ್ ಹಿಡಿದು ಬಂದರು. ಕೆಲಸ ನಿಂತಿತು. ಗೋದಾಮು ತಡಕಿ ಹಲಗೆಗಳ ಕಟ್ಟುಗಳನ್ನು ಜಪ್ತಿ ಮಾಡಿ ಒಯ್ದರು. ಅವು ಕರಿಮರದ ಮತ್ತು ಬೀಟೆಯ ಹಲಗೆಗಳು. ಭಾರತದಿಂದ ಹೋಗಿದ್ದವು.

ಗಿಟಾರಿನ ಕತ್ತಿನ ಮೇಲೆ, ತಂತಿಗಳ ಕೆಳಗೆ, ಬೆರಳು ಓಡಾಡುವ ಒಂದು ಪಟ್ಟಿ ಇರುತ್ತದೆ. ಅದೇ ಫಿಂಗರ್‌ಬೋರ್ಡ್. ದಿನವಿಡೀ ಉಕ್ಕಿನ ತಂತಿ ಒತ್ತಿದರೂ ಸವೆಯದ ಮರ ಅದಕ್ಕೆ ಬೇಕು, ಆದ್ದರಿಂದ ಬೀಟೆ ಇಲ್ಲವೇ ಕರಿಮರ. ಜಪ್ತಿಯಾದ ಪಟ್ಟಿಗಳ ದಪ್ಪ ಸುಮಾರು 10 ಮಿಲಿಮೀಟರ್. ವಿವಾದವೆಲ್ಲ ಹುಟ್ಟಿದ್ದು ಈ ದಪ್ಪದಿಂದ. ಭಾರತದ ವಿದೇಶ ವ್ಯಾಪಾರ ನೀತಿ ಕೊಯ್ದ ಹಲಗೆಯ ರಫ್ತನ್ನು ನಿಷೇಧಿಸಿದೆ. 6 ಮಿಲಿಮೀಟರ್‌ವರೆಗಿನ ತೆಳು ಹಾಳೆ, ಅಂದರೆ ವಿನೀರ್, ಹೊರಗೆ ಹೋಗಬಹುದು. ಸುಂಕದ ಪಟ್ಟಿಯಲ್ಲಿ ಮೊದಲನೆಯದರ ಸಂಖ್ಯೆ 4407, ಎರಡನೆಯದರದು 4408. ಸಿದ್ಧವಾದ ವಾದ್ಯಭಾಗಗಳಿಗೆ 9209 ಎಂಬ ಮೂರನೆಯ ಸಂಖ್ಯೆಯೂ ಉಂಟು. ಹತ್ತು ಮಿಲಿಮೀಟರ್ ಪಟ್ಟಿಗೆ ವಿನೀರ್ ಎಂದು ಕಾಗದ ಮಾಡಿದರೆ ಅದು ಸುಳ್ಳು ಘೋಷಣೆಯಾಗುತ್ತದೆ. ಹಲಗೆ ಎಂದು ಬರೆದರೆ ಭಾರತದ ಕಾನೂನು ಮುರಿದಂತೆ. ವಾದ್ಯಭಾಗ ಎನ್ನೋಣವೆಂದರೆ, ಇನ್ನೂ ತೋಡು ಕೊರೆಯದ, ಫ್ರೆಟ್ ಎಂಬ ಲೋಹದ ಕಡ್ಡಿಗಳನ್ನು ಕೂರಿಸದ ಪಟ್ಟಿ ಸಿದ್ಧವಸ್ತುವೇ ಎಂಬ ಪ್ರಶ್ನೆ ಏಳುತ್ತದೆ.

ಭಾರತದ ಕಾನೂನು ಮುರಿದರೆ ಅಮೆರಿಕದ ಪೊಲೀಸರಿಗೇನು? ಉತ್ತರ ಲೇಸಿ ಕಾಯ್ದೆಯಲ್ಲಿದೆ. 1900ರಲ್ಲಿ ಬೇಟೆಯ ಹಕ್ಕಿಗಳ ಕಳ್ಳಸಾಗಣೆ ತಡೆಯಲು ಹುಟ್ಟಿದ ಈ ಕಾಯ್ದೆಗೆ 2008ರಲ್ಲಿ ಗಿಡಮರಗಳೂ ಸೇರಿದವು. ಬೇರೆ ದೇಶದ ಕಾನೂನಿಗೆ ವಿರುದ್ಧವಾಗಿ ಕಡಿದ, ಸಾಗಿಸಿದ ಅಥವಾ ರಫ್ತು ಮಾಡಿದ ಮರವನ್ನು ಅಮೆರಿಕಕ್ಕೆ ತರುವುದೂ ಅಲ್ಲಿ ಕೊಳ್ಳುವುದೂ ಮಾರುವುದೂ ಅಪರಾಧ ಎನ್ನುತ್ತದೆ ಅದು. ಮರ ಬೆಳೆದ ನಾಡಿನ ಕಾನೂನನ್ನು ಮರ ಕೊಳ್ಳುವ ನಾಡು ಗೌರವಿಸಬೇಕೆಂಬ ಈ ತತ್ವ, ನನ್ನ ಮಟ್ಟಿಗೆ, ಕಾಡಿನ ಪರವಾಗಿ ಬಂದ ದೊಡ್ಡ ಹೆಜ್ಜೆಗಳಲ್ಲಿ ಒಂದು.

2011ರ ದಾಳಿಗೂ ಎರಡು ವರ್ಷ ಮೊದಲು, 2009ರಲ್ಲಿ, ಅದೇ ಕಂಪನಿಯ ಮೇಲೆ ಮಡಗಾಸ್ಕರ್‌ನ ಕರಿಮರದ ವಿಚಾರವಾಗಿ ದಾಳಿ ನಡೆದಿತ್ತು. ಜನ ಎರಡೂ ಪ್ರಕರಣಗಳನ್ನು ಒಂದೇ ಉಸಿರಿನಲ್ಲಿ ಹೇಳುವುದುಂಟು. ಹಾಗೆ ಬೆರೆಸಬಾರದು. ಮಡಗಾಸ್ಕರ್ 2006ರಲ್ಲೇ ಕರಿಮರ ಕಡಿಯುವುದನ್ನೂ ಸಿದ್ಧವಾಗದ ಮರದ ರಫ್ತನ್ನೂ ನಿಷೇಧಿಸಿತ್ತು. ಕಂಪನಿಯ ಉದ್ಯೋಗಿಯೊಬ್ಬರು 2008ರಲ್ಲಿ ಆ ದ್ವೀಪಕ್ಕೆ ಹೋಗಿದ್ದಾಗ ಈ ವಿಷಯವನ್ನು ಅವರಿಗೆ ತಿಳಿಸಲಾಗಿತ್ತು. ಆದರೂ ಕೊಳ್ಳುವುದು ನಿಲ್ಲಲಿಲ್ಲ. 2012ರ ಆಗಸ್ಟ್‌ನಲ್ಲಿ ಆದ ಒಪ್ಪಂದದ ಪ್ರಕಾರ ಗಿಬ್ಸನ್ 3 ಲಕ್ಷ ಡಾಲರ್ ದಂಡ ತೆತ್ತಿತು. ವನ್ಯಜೀವಿ ಸಂರಕ್ಷಣೆಗೆ 50 ಸಾವಿರ ಡಾಲರ್ ಕೊಟ್ಟಿತು, ಜಪ್ತಿಯಾದ ಮಡಗಾಸ್ಕರ್ ಮರದ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿತು. ಭಾರತದ ಮರದ ಕಥೆ ಬೇರೆ. ಫಿಂಗರ್‌ಬೋರ್ಡ್ ಪಟ್ಟಿ ಯಾವ ಸಂಖ್ಯೆಯಡಿ ಬರುತ್ತದೆಂಬುದರಲ್ಲಿ ಭಾರತದ ನೀತಿಯಲ್ಲೇ ಗೊಂದಲವಿದೆ ಎಂದು ಎರಡೂ ಕಡೆಯವರು ಅದೇ ಒಪ್ಪಂದದಲ್ಲಿ ಒಪ್ಪಿಕೊಂಡರು. ಮರ ಕಂಪನಿಗೆ ಮರಳಿತು. ಒಂದು ಕಡೆ ಲೂಟಿಯಾಗುತ್ತಿದ್ದ ಕಾಡು, ಇನ್ನೊಂದು ಕಡೆ ಸುಂಕದ ಸಂಖ್ಯೆಯ ತಕರಾರು. ಎರಡೂ 'ಅಕ್ರಮ ಮರ'ದ ಪ್ರಕರಣಗಳೇ, ಆದರೆ ಕಾಡಿಗೆ ಆದ ಹಾನಿ ಎರಡರಲ್ಲೂ ಒಂದೇ ಆಗಿರಲಿಲ್ಲ.

ನಮ್ಮ ಬೀಟೆ ಅಮೆರಿಕದ ಗಿಟಾರಿನೊಳಗೆ ಹೊಕ್ಕ ಬಗೆ ತಿಳಿಯಲು ಬ್ರೆಜಿಲ್‌ಗೆ ಹೋಗಬೇಕು. ಅಲ್ಲಿನ ಅಟ್ಲಾಂಟಿಕ್ ಕರಾವಳಿಯ ಕಾಡಿನಲ್ಲಿ ಬೆಳೆಯುವ ಡಾಲ್ಬರ್ಜಿಯಾ ನೈಗ್ರ ನಮ್ಮ ಬೀಟೆಯ ದಾಯಾದಿ. ಹತ್ತೊಂಬತ್ತನೆಯ ಶತಮಾನದ ಸ್ಪೇನಿನ ಕುಶಲಕರ್ಮಿಗಳಿಂದ ಹಿಡಿದು ಪೆನ್ಸಿಲ್ವೇನಿಯಾದ ಮಾರ್ಟಿನ್ ಕಂಪನಿಯವರೆಗೆ ಎಲ್ಲರೂ ಉತ್ತಮ ಗಿಟಾರಿನ ಹಿಂಬದಿಗೂ ಪಕ್ಕೆಗೂ ಇದನ್ನೇ ಬಯಸುತ್ತಿದ್ದರು. ಕಂದು, ಕಪ್ಪು, ಕಿತ್ತಳೆ ಎಳೆಗಳು ಜೇಡರ ಬಲೆಯಂತೆ ಹರಡಿಕೊಂಡ ಅದರ ಚೇಗಿನ, ಅಂದರೆ ಕಾಂಡದೊಳಗಿನ ಗಟ್ಟಿ ಮರದ, ಅಂದಕ್ಕೆ ಸಮನಾದದ್ದು ಕಡಿಮೆ. 1960ರ ದಶಕದ ಕೊನೆಗೆ ಬ್ರೆಜಿಲ್ ಇಡೀ ದಿಮ್ಮಿಗಳ ರಫ್ತನ್ನು ತಡೆಯಿತು. 1969ರಲ್ಲಿ ಮಾರ್ಟಿನ್ ಭಾರತದ ಬೀಟೆಗೆ, ಅಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾಗೆ, ಹೊರಳಿತು. ಉಳಿದವರು ಹಿಂಬಾಲಿಸಿದರು. ಆಗಿನಿಂದ ಜಗತ್ತಿನ ಅಕೌಸ್ಟಿಕ್ ಗಿಟಾರುಗಳಲ್ಲಿ 'ರೋಸ್‌ವುಡ್' ಎಂದು ಹೇಳಿಕೊಳ್ಳುವುದರಲ್ಲಿ ದೊಡ್ಡ ಪಾಲು ದಕ್ಷಿಣ ಭಾರತದ ಮರ. ಇತ್ತೀಚೆಗೆ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಬೆಳೆಸಿದ ಇದೇ ಪ್ರಭೇದವೂ, ಸೊನೊಕೆಲಿಂಗ್ ಎಂಬ ಹೆಸರಿನಲ್ಲಿ, ಮಾರುಕಟ್ಟೆಗೆ ಬರುತ್ತಿದೆ.

ಬ್ರೆಜಿಲ್ ತಡವಾಗಿ ಎಚ್ಚೆತ್ತಿತು. ಅಟ್ಲಾಂಟಿಕ್ ಕಾಡಿನಲ್ಲಿ ಇಂದು ಉಳಿದಿರುವುದು ಸುಮಾರು ಶೇ 12ರಷ್ಟು ಮಾತ್ರ. ಗಿಟಾರಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಅದನ್ನು ನುಂಗಿದ್ದು ಕಬ್ಬು, ಕಾಫಿ, ದನದ ಹುಲ್ಲುಗಾವಲು ಮತ್ತು ಊರುಗಳು. ಅದರ ಬೀಟೆಯನ್ನು 1992ರ ಜೂನ್ 11ರಿಂದ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಲಾಯಿತು. ಹುಲಿ, ಘೇಂಡಾಮೃಗಗಳು ಇರುವ ಪಟ್ಟಿ ಅದು.

ಸೈಟಿಸ್ ಅಂದರೆ ಅಳಿವಿನ ಅಂಚಿನ ಕಾಡುಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ. 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು, 1975ರಲ್ಲಿ ಜಾರಿಗೆ ಬಂತು, 1976ರಲ್ಲಿ ಭಾರತ ಸೇರಿತು. ಒಂದು ದೇಶದೊಳಗೆ ಯಾರು ಯಾವ ಮರ ಕಡಿಯಬೇಕೆಂದು ಈ ಒಪ್ಪಂದ ಹೇಳುವುದಿಲ್ಲ. ಗಡಿ ದಾಟುವಾಗ ಮಾತ್ರ ಅದರ ಕೈ ಅಡ್ಡ ಬರುತ್ತದೆ. ಮೊದಲ ಅನುಬಂಧದ ಜೀವಿಗಳ ವಾಣಿಜ್ಯ ವ್ಯಾಪಾರ ಬಹುತೇಕ ಬಂದ್. ಎರಡನೆಯ ಅನುಬಂಧದಲ್ಲಿ ವ್ಯಾಪಾರ ನಡೆಯಬಹುದು, ಆದರೆ ರಫ್ತು ಮಾಡುವ ದೇಶ ಪರವಾನಗಿ ಕೊಡಬೇಕು. ಆ ಪರವಾನಗಿಗೆ ಎರಡು ಆಧಾರ ಬೇಕು: ಮರ ಕಾನೂನುಬದ್ಧವಾಗಿ ದೊರೆತದ್ದು ಎಂಬ ತೀರ್ಮಾನ, ಮತ್ತು ಈ ರಫ್ತಿನಿಂದ ಕಾಡಿನಲ್ಲಿ ಆ ಪ್ರಭೇದದ ಉಳಿವಿಗೆ ಧಕ್ಕೆಯಿಲ್ಲ ಎಂಬ ವೈಜ್ಞಾನಿಕ ತೀರ್ಮಾನ.

ಎರಡನೆಯ ತೀರ್ಮಾನವೇ ಇಡೀ ವ್ಯವಸ್ಥೆಯ ಜೀವಾಳ. ಅದನ್ನು ಬರೆಯುವುದು ಕಷ್ಟ. ಕಾಡಿನಲ್ಲಿ ಎಷ್ಟು ಮರಗಳಿವೆ, ಎಷ್ಟು ದಪ್ಪದವು, ಸಸಿಗಳು ಏಳುತ್ತಿವೆಯೇ, ವರ್ಷಕ್ಕೆ ಎಷ್ಟು ಕಡಿದರೆ ತಾಳಿಕೊಳ್ಳುತ್ತದೆ ಎಂದೆಲ್ಲ ತಿಳಿದಿರಬೇಕು. ಬೀಟೆಯಂಥ ಮರದಲ್ಲಿ ಈ ಲೆಕ್ಕ ಇನ್ನೂ ಜಟಿಲ. ಅದು ಅವರೆಯ ಕುಟುಂಬಕ್ಕೆ ಸೇರಿದ್ದು, ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತದೆ. ಬೀಜದಿಂದಲೂ ಬೇರಿನ ಚಿಗುರಿನಿಂದಲೂ ಹುಟ್ಟುತ್ತದೆ. ಆದರೆ ಬೆಳವಣಿಗೆ ನಿಧಾನ, ಚೇಗು ಕೂಡಲು ದಶಕಗಳೇ ಹಿಡಿಯುತ್ತವೆ. ಎಳೆಯ ಮರದ ಕಾಂಡ ಬಹುಪಾಲು ಚೇಗಾಗದ ಬಿಳಿಚು, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಒಳಗಿನ ಹಳೆಯ ಕಟ್ಟಿಗೆ ನೀರು ಸಾಗಿಸುವುದನ್ನು ನಿಲ್ಲಿಸಿದ ಮೇಲೆ ಮರ ಅದರಲ್ಲಿ ರಾಸಾಯನಿಕಗಳನ್ನು ತುಂಬುತ್ತದೆ. ಡಾಲ್ಬರ್ಜಿನ್, ಲ್ಯಾಟಿಫೋಲಿನ್ ಮುಂತಾದ ಇವು ಗೆದ್ದಲಿಗೂ ಶಿಲೀಂಧ್ರಕ್ಕೂ ಒಗ್ಗದ ವಸ್ತುಗಳು. ಚೇಗಿಗೆ ನೇರಳೆ ಬಣ್ಣ, ಪರಿಮಳ, ಬಾಳಿಕೆ ಬರುವುದು ಇಂಥವುಗಳಿಂದಲೇ. ಡಾಲ್ಬರ್ಜಿಯಾ ಕುಲದ ಮರಗಳ ಹುಡಿ ತಾಗಿ ಬಡಗಿಗಳ ಚರ್ಮ ಕೆರೆಯುವುದಕ್ಕೂ ಇಂಥ ರಾಸಾಯನಿಕಗಳೇ ಕಾರಣ. ನಾವು ಹಣ ತೆರುವುದು ಮರದ ಮುದಿತನಕ್ಕೆ. ಹಾಗಾಗಿ ಕಡಿಯುವವರ ಕೊಡಲಿ ಮೊದಲು ಹುಡುಕುವುದು ಬೀಜ ಸುರಿಸುವ ದೊಡ್ಡ ಮರಗಳನ್ನೇ.

ನಮ್ಮ ಬೀಟೆ ಬಹುಕಾಲ ಸೈಟಿಸ್ ಪಟ್ಟಿಯ ಹೊರಗಿತ್ತು. ಗಿಬ್ಸನ್ ದಾಳಿಯ ಹೊತ್ತಿಗೂ ಇರಲಿಲ್ಲ. ಅದು ಒಳಬಂದದ್ದು ಗಿಟಾರಿನಿಂದಲ್ಲ, ಪೀಠೋಪಕರಣದಿಂದ. ಚೀನಾದಲ್ಲಿ ಹಾಂಗ್‌ಮು ಎನ್ನುವ ಕೆಂಪುಮರದ ಸಾಂಪ್ರದಾಯಿಕ ಮೇಜು, ಮಂಚ, ಕುರ್ಚಿಗಳಿಗೆ ಹೊಸ ಶ್ರೀಮಂತರ ಬೇಡಿಕೆ ಏರಿದಂತೆ ಆಗ್ನೇಯ ಏಷ್ಯಾ, ಮಡಗಾಸ್ಕರ್, ಪಶ್ಚಿಮ ಆಫ್ರಿಕಾ, ಮಧ್ಯ ಅಮೆರಿಕದ ಕಾಡುಗಳಿಂದ ದಿಮ್ಮಿಗಳು ಹಡಗು ಹತ್ತಿದವು. 2009ರ ರಾಜಕೀಯ ಕ್ಷೋಭೆಯ ಹೊತ್ತಿನಲ್ಲಿ ಮಡಗಾಸ್ಕರ್‌ನ ಮಸೊವಾಲಾ, ಮರೊಜೆಜಿ ರಾಷ್ಟ್ರೀಯ ಉದ್ಯಾನಗಳೊಳಗೇ ಕೊಡಲಿ ಬಿತ್ತು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2016ರಲ್ಲಿ ಪ್ರಕಟಿಸಿದ ವರದಿಯಂತೆ 2005ರಿಂದ 2014ರವರೆಗೆ ಜಗತ್ತಿನಲ್ಲಿ ಜಪ್ತಿಯಾದ ವನ್ಯಸಂಪತ್ತಿನ ಬೆಲೆಯಲ್ಲಿ ಶೇ 35ರಷ್ಟು ರೋಸ್‌ವುಡ್. ಆನೆದಂತ ಅದರ ಹಿಂದಿತ್ತು.

ಒಂದು ಪ್ರಭೇದವನ್ನು ನಿಷೇಧಿಸಿದರೆ ವ್ಯಾಪಾರಿ ಪಕ್ಕದ ಪ್ರಭೇದಕ್ಕೆ ಹೋಗುತ್ತಾನೆ, ಅಥವಾ ನಿಷೇಧಿತ ಮರಕ್ಕೇ ಪಕ್ಕದ ಮರದ ಹೆಸರು ಬರೆಯುತ್ತಾನೆ. ಕೊಯ್ದ ಹಲಗೆ ನೋಡಿ ಸುಂಕದ ಅಧಿಕಾರಿ ಭೇದ ಹೇಳಲಾರ. ಈ ಆಟ ನಿಲ್ಲಿಸಲು 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟಿಸ್ ಸಮ್ಮೇಳನ ಡಾಲ್ಬರ್ಜಿಯಾ ಕುಲವನ್ನು, ಮುನ್ನೂರರ ಆಸುಪಾಸಿನ ಪ್ರಭೇದಗಳ ಸಮೇತ, ಎರಡನೆಯ ಅನುಬಂಧಕ್ಕೆ ಹಾಕಿತು. 2017ರ ಜನವರಿ 2ರಿಂದ ಅದು ಜಾರಿ. ಬೀಟೆ ಮತ್ತು ಉತ್ತರ ಭಾರತದ ಶೀಶಂ ಎರಡೂ ಅದರೊಳಗೆ ಬಂದವು.

ದಿಮ್ಮಿಯ ಕಳ್ಳಸಾಗಣೆಗೆ ಹೆಣೆದ ಬಲೆಗೆ ಸಿಕ್ಕಿಬಿದ್ದವರಲ್ಲಿ ವಾದ್ಯ ಮಾಡುವವರು ಮುಂಚೂಣಿಯಲ್ಲಿದ್ದರು. ವಾಣಿಜ್ಯೇತರ ಸಾಗಣೆಗೆ 10 ಕಿಲೊವರೆಗೆ ವಿನಾಯಿತಿ ಇತ್ತು, ಮಾರಾಟಕ್ಕೆ ಇರಲಿಲ್ಲ. ಒಂದು ಅಕೌಸ್ಟಿಕ್ ಗಿಟಾರಿನ ಒಟ್ಟು ತೂಕವೇ ಎರಡು ಕಿಲೊ ಆಸುಪಾಸು, ಅದರಲ್ಲಿ ಬೀಟೆಯ ಪಾಲು ಇನ್ನೂ ಕಡಿಮೆ. ಆದರೂ ಮಾರಿದ ಪ್ರತಿ ಗಿಟಾರು ಗಡಿ ದಾಟಲು ಪರವಾನಗಿ ಬೇಕಾಯಿತು. ಮರ ಭಾರತದಿಂದ ಹೊರಡುವಾಗ ಒಂದು ಕಾಗದ, ಅಮೆರಿಕದಲ್ಲಿ ಗಿಟಾರಾಗಿ ಯುರೋಪಿಗೆ ಹೋಗುವಾಗ ಮರುರಫ್ತಿನ ಇನ್ನೊಂದು, ಅಲ್ಲಿಂದ ಮತ್ತೆಲ್ಲಿಗೋ ಮಾರಾಟವಾದರೆ ಮಗದೊಂದು. ದೊಡ್ಡ ಕಂಪನಿಗಳು ಅದಕ್ಕೆಂದೇ ನೌಕರರನ್ನಿಟ್ಟವು. ಫೆಂಡರ್ ಕಂಪನಿ ಮೆಕ್ಸಿಕೊದಲ್ಲಿ ಮಾಡುವ ಗಿಟಾರುಗಳ ಫಿಂಗರ್‌ಬೋರ್ಡಿಗೆ ಬೀಟೆ ಬಿಟ್ಟು ಪಾವ್ ಫೆರೊ ಎಂಬ ದಕ್ಷಿಣ ಅಮೆರಿಕದ ಮರ ಬಳಸತೊಡಗಿತು. ಒಬ್ಬರೇ ಕೂತು ತಿಂಗಳಿಗೊಂದು ಗಿಟಾರ್ ಮಾಡುವ ಕುಶಲಕರ್ಮಿಗೆ ಅಂಥ ದಾರಿಗಳಿರಲಿಲ್ಲ.

ಇದರ ಬಿಸಿ ನಮ್ಮ ದೇಶದ ಕರಕುಶಲಿಗಳಿಗೂ ತಟ್ಟಿತು. ಕೇಂದ್ರ ಸರ್ಕಾರದ ಅಂದಾಜಿನಂತೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಯಷ್ಟಿದ್ದ ಶೀಶಂ ವಸ್ತುಗಳ ರಫ್ತು 500-600 ಕೋಟಿಗೆ ಇಳಿಯಿತು. ರೈತರು ಬದುಗಳಲ್ಲಿ, ನಾಲೆ ದಂಡೆಗಳಲ್ಲಿ ಧಾರಾಳವಾಗಿ ಬೆಳೆಯುವ ಶೀಶಂ ಅಳಿವಿನಂಚಿನ ಮರವಲ್ಲವೆಂದು ಭಾರತ ವಾದಿಸಿತು. ಪಟ್ಟಿಯಿಂದ ತೆಗೆಸಲು ಆಗಲಿಲ್ಲ. 2022ರಲ್ಲಿ ಪನಾಮದ ಸಮ್ಮೇಳನ ಒಂದು ಸಡಿಲಿಕೆ ಕೊಟ್ಟಿತು: ಬಿಡಿ ವಸ್ತುವೊಂದರಲ್ಲಿ ಶೀಶಂ ಮರ 10 ಕಿಲೊಗಿಂತ ಕಡಿಮೆಯಿದ್ದರೆ, ಒಟ್ಟು ಸರಕು ಎಷ್ಟೇ ತೂಗಲಿ, ಸೈಟಿಸ್ ಪರವಾನಗಿ ಬೇಡ.

ವಾದ್ಯಗಳಿಗೆ ಬಿಡುಗಡೆ ಅದಕ್ಕೂ ಮೊದಲೇ ಸಿಕ್ಕಿತ್ತು. 2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಿಯಮ ತಿದ್ದಲಾಯಿತು. ಆ ವರ್ಷದ ನವೆಂಬರ್ 26ರಿಂದ ಸಿದ್ಧವಾದ ವಾದ್ಯ, ಸಿದ್ಧವಾದ ವಾದ್ಯಭಾಗ ಮತ್ತು ಪರಿಕರಗಳಿಗೆ ಎರಡನೆಯ ಅನುಬಂಧದ ಬೀಟೆಗಳ ಪರವಾನಗಿ ಬೇಕಿಲ್ಲ. ದಿಮ್ಮಿ, ಹಲಗೆ, ವಿನೀರ್‌ಗಳಿಗೆ ಬೇಕೇ ಬೇಕು. ಇದು ಸರಿಯಾದ ತಿದ್ದುಪಡಿ ಎಂದೇ ನನ್ನ ನಿಲುವು. ಹಡಗಿನ ಕಂಟೇನರಿನಲ್ಲಿ ದಿಮ್ಮಿ ಹೋಗುವಾಗ ಹತ್ತು ಬಾರಿ ನೋಡಲಿ. ಸಂಗೀತಗಾರನ ಹೆಗಲ ಮೇಲಿನ ಪೆಟ್ಟಿಗೆಯಿಂದ ಯಾವ ಕಾಡೂ ಖಾಲಿಯಾಗಿಲ್ಲ. ಪರಿಶೀಲಿಸುವ ಅಧಿಕಾರಿಗಳ ಸಮಯಕ್ಕೂ ಮಿತಿಯಿದೆ. ಅದನ್ನು ಗಿಟಾರುಗಳ ಮೇಲೆ ಕಳೆದಷ್ಟೂ ದಿಮ್ಮಿಗಳು ನುಸುಳುತ್ತವೆ.

ಬ್ರೆಜಿಲ್‌ನ ಬೀಟೆಗೆ ಮಾತ್ರ ಈ ವಿನಾಯಿತಿ ಅನ್ವಯಿಸದು. ಅದು ಮೊದಲ ಅನುಬಂಧದಲ್ಲೇ ಇದೆ. 1960ರ ದಶಕದ ಹಳೆಯ ಮಾರ್ಟಿನ್ ಗಿಟಾರನ್ನು ಗಡಿಯಾಚೆ ಮಾರಬೇಕಾದರೆ, ಅದರ ಮರ 1992ರ ಜೂನ್ 11ಕ್ಕೆ ಮೊದಲು ಕಾಡಿನಿಂದ ಬಂದದ್ದು ಎಂದು ರುಜುವಾತುಪಡಿಸಿ 'ಒಪ್ಪಂದಪೂರ್ವ' ಪ್ರಮಾಣಪತ್ರ ಪಡೆಯಬೇಕು. ವಾದ್ಯದ ಕ್ರಮಸಂಖ್ಯೆ, ತಯಾರಕರ ದಾಖಲೆ, ಹಳೆಯ ರಸೀದಿಗಳೇ ಅದಕ್ಕೆ ಸಾಕ್ಷಿ. ದೇಶದೇಶ ಸುತ್ತುವ ಕಲಾವಿದರಿಗೆಂದು 2013ರಲ್ಲಿ ಬ್ಯಾಂಕಾಕ್ ಸಮ್ಮೇಳನ ವಾದ್ಯ ಪ್ರಮಾಣಪತ್ರವೊಂದನ್ನು ಶಿಫಾರಸು ಮಾಡಿತು. ವಾದ್ಯದ ಪಾಸ್‌ಪೋರ್ಟ್ ಅದು, ಮೂರು ವರ್ಷದವರೆಗೆ ಮತ್ತೆ ಮತ್ತೆ ಗಡಿ ದಾಟಲು ಬಳಸಬಹುದು. ಆದರೆ ಆ ಪತ್ರದ ಮೇಲೆ ಒಯ್ದ ವಾದ್ಯವನ್ನು ಹೊರದೇಶದಲ್ಲಿ ಮಾರುವಂತಿಲ್ಲ. ಹಳೆಯ ಗಿಟಾರುಗಳಲ್ಲಿ ಕತ್ತಿನ ತುದಿಗೆ ತಂತಿಗಳನ್ನು ಹಿಡಿಯುವ ನಟ್ ಆನೆದಂತದ್ದಾಗಿದ್ದರೆ ಅದಕ್ಕೂ ಇದೇ ಕಥೆ, ಇನ್ನೂ ಕಠಿಣವಾಗಿ.

ಕಾಗದದ ಮೇಲೇ ಇಷ್ಟು ಭಾರ ಏಕೆ, ಮರವನ್ನೇ ಪರೀಕ್ಷಿಸಬಾರದೇ ಎಂದು ಕೇಳಬಹುದು. ಪರೀಕ್ಷಿಸುತ್ತಾರೆ. ಅಡ್ಡಕ್ಕೆ ಕೊಯ್ದು ನಯಗೊಳಿಸಿದ ಮೈಯನ್ನು ಮಸೂರದಡಿ ಇಟ್ಟರೆ ನೀರಿನ ನಾಳಗಳ ರಂಧ್ರಗಳು, ಅವುಗಳ ಸುತ್ತಲಿನ ಮೃದುಕೋಶಗಳ ಪಟ್ಟೆಗಳು, ಒಳಗಿನಿಂದ ಹೊರಕ್ಕೆ ಹೋಗುವ ಕಿರಣಗಳು ಕಾಣುತ್ತವೆ. ಅವುಗಳ ಜೋಡಣೆ ನೋಡಿ ಪಳಗಿದ ಕಣ್ಣು ಇದು ಡಾಲ್ಬರ್ಜಿಯಾ ಕುಲ ಎಂದು ಹೇಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಗುರುತಿಸುವಿಕೆಗೆ ಹೆಸರಾದದ್ದು. 1938ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಅರಣ್ಯ ಸಂಶೋಧನಾಲಯವೇ ಅದರ ಮೂಲ. ಅಲ್ಲಿ ಮರದ ಮಾದರಿಗಳ ದೊಡ್ಡ ಸಂಗ್ರಹವೇ ಇದೆ. ಕುಲದಾಚೆ, ಪ್ರಭೇದದ ಮಟ್ಟಕ್ಕೆ ಇಳಿಯಬೇಕೆಂದರೆ ಕಣ್ಣು ಸಾಲದು. ಅಮೆರಿಕದ ಆರೆಗನ್ ರಾಜ್ಯದ ಆಶ್‌ಲ್ಯಾಂಡ್‌ನಲ್ಲಿರುವ ವನ್ಯಜೀವಿ ಅಪರಾಧ ಪ್ರಯೋಗಾಲಯದಲ್ಲಿ ಮರದ ಚೂರನ್ನು ಬಿಸಿ ಹೀಲಿಯಂ ಅನಿಲದ ಧಾರೆಗೆ ಹಿಡಿಯುತ್ತಾರೆ. ಚೇಗಿನಲ್ಲಿ ಅಡಗಿದ ರಾಸಾಯನಿಕಗಳು ಆವಿಯಾಗಿ ರಾಶಿ ರೋಹಿತಮಾಪಕದೊಳಗೆ ಹೋಗುತ್ತವೆ. ಯಾವ ಅಣು ಎಷ್ಟಿದೆ ಎಂಬ ಚಿತ್ರ ಕ್ಷಣಗಳಲ್ಲಿ ಮೂಡುತ್ತದೆ. ಅದನ್ನು ಖಚಿತವಾಗಿ ಗೊತ್ತಿರುವ ಮಾದರಿಗಳ ಚಿತ್ರಗಳೊಡನೆ ಹೋಲಿಸುತ್ತಾರೆ. ಗೆದ್ದಲಿನಿಂದ ಪಾರಾಗಲು ಮರ ಕೂಡಿಟ್ಟ ರಾಸಾಯನಿಕಗಳೇ ಅದರ ಬೆರಳಚ್ಚಾಗುತ್ತವೆ.

ಆದರೆ ಕಾನೂನು ಕೇಳುವ ಎಲ್ಲ ಪ್ರಶ್ನೆಗಳಿಗೂ ಮರ ಉತ್ತರಿಸದು. 1992ಕ್ಕೆ ಮೊದಲು ಕಡಿದದ್ದೇ ಎಂಬ ಪ್ರಶ್ನೆಯನ್ನೇ ನೋಡಿ. 1950ರ ಮತ್ತು 60ರ ದಶಕಗಳ ಬಯಲು ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲ ಏರಿತು, ಆಮೇಲೆ ಇಳಿಯಿತು. ಈ ಏರಿಳಿತದ ನೆರವಿನಿಂದ ಮರದ ಒಂದು ಪದರ ಯಾವ ವರ್ಷದ ಸುಮಾರಿಗೆ ಬೆಳೆಯಿತೆಂದು ಚೆನ್ನಾಗಿಯೇ ಅಂದಾಜು ಮಾಡಬಹುದು. ಆದರೆ ಕಾನೂನಿಗೆ ಬೇಕಾದದ್ದು ಬೆಳೆದ ವರ್ಷವಲ್ಲ, ಕಡಿದ ವರ್ಷ. ಗಿಟಾರಿನ ಹಲಗೆಯಲ್ಲಿ ತೊಗಟೆಯಿರುವುದಿಲ್ಲ, ಬಿಳಿಚೂ ಇರುವುದಿಲ್ಲ, ಮರದ ಕೊನೆಯ ವರ್ಷದ ಪದರ ಎಂದೋ ಚೆಕ್ಕೆಯಾಗಿ ಹೋಗಿರುತ್ತದೆ. 1930ರಲ್ಲಿ ಕೂಡಿದ ಚೇಗನ್ನು 1960ರಲ್ಲಿ ಕಡಿದಿರಬಹುದು, 2010ರಲ್ಲೂ ಕಡಿದಿರಬಹುದು. 1992ರ ನಂತರ ಬೆಳೆದ ಪದರ ಸಿಕ್ಕರೆ ಅಪರಾಧ ಸಾಬೀತಾಗುತ್ತದೆ. ಸಿಗದಿದ್ದರೆ ಏನೂ ಸಾಬೀತಾಗದು. ಹಾಗಾಗಿ ವಿಜ್ಞಾನ ಮುಂದುವರಿದರೂ ಹಳೆಯ ರಸೀದಿಯ ಬೆಲೆ ಕಡಿಮೆಯಾಗಲಿಲ್ಲ.

ಈ ಮರವಿಲ್ಲದೆ ಆ ನಾದ ಬರುವುದಿಲ್ಲವೇ? ಗಿಟಾರಿನ ಪ್ರಪಂಚದಲ್ಲಿ ಇದರ ಬಗ್ಗೆ ನಂಬಿಕೆಗಳು ಗಟ್ಟಿ. ಒಣಗಿದ ಬೀಟೆ ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಕಂಚಿನ ತಟ್ಟೆಯಂತೆ ಧ್ವನಿ ನಿಲ್ಲುತ್ತದೆ, ಇದು ನಿಜ. ಮರದೊಳಗಿನ ಘರ್ಷಣೆ ಕಡಿಮೆ ಎಂಬುದರ ಸೂಚನೆ ಅದು. ಪಿಟೀಲಿನ ಕಮಾನಿಗೆ ಬಳಸುವ ಪೆರ್ನಾಂಬುಕೊ ಮರದಲ್ಲಿ ಚೇಗಿನ ರಾಸಾಯನಿಕಗಳೇ ಈ ಘರ್ಷಣೆಯನ್ನು ತಗ್ಗಿಸುತ್ತವೆಂದು ಜಪಾನಿನ ಸಂಶೋಧಕರು 1990ರ ದಶಕದಲ್ಲಿ ತೋರಿಸಿದ್ದಾರೆ. ಆದರೆ ಗಿಟಾರಿನಲ್ಲಿ ಗಾಳಿಯನ್ನು ಕಂಪಿಸುವಂತೆ ಮಾಡುವ ಮುಖ್ಯ ಕೆಲಸ ಮುಂಭಾಗದ ಹಲಗೆಯದು, ಅದನ್ನು ಸ್ಪ್ರೂಸ್ ಅಥವಾ ಸೀಡರ್‌ನಲ್ಲಿ ಮಾಡುತ್ತಾರೆ. ಆಧುನಿಕ ಸ್ಪ್ಯಾನಿಷ್ ಗಿಟಾರಿಗೆ ರೂಪ ಕೊಟ್ಟ ಆಂತೋನಿಯೊ ದೆ ತೋರೆಸ್ 1862ರಲ್ಲಿ ಮುಂದಕ್ಕೆ ಸ್ಪ್ರೂಸ್ ಇಟ್ಟು, ಹಿಂಬದಿ ಮತ್ತು ಪಕ್ಕೆಗಳನ್ನು ಕಾಗದದ ರಟ್ಟಿನಿಂದ ಮಾಡಿದ ಗಿಟಾರು ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಾಮುಯೆಲೆ ಕಾರ್ಕಾನ್ಯೊ, ಕ್ರಿಸ್ಟೊಫರ್ ಪ್ಲಾಕ್ ಮತ್ತು ಸಂಗಡಿಗರು ಇದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ರೋಜರ್ ಬಕ್ನಾಲ್ ಎಂಬ ಅನುಭವಿ ತಯಾರಕರು ಎಲ್ಲ ರೀತಿಯಲ್ಲೂ ಒಂದೇ ತೆರನಾದ ಆರು ಗಿಟಾರುಗಳನ್ನು ಮಾಡಿಕೊಟ್ಟರು. ಹಿಂಬದಿ ಮತ್ತು ಪಕ್ಕೆಯ ಮರ ಮಾತ್ರ ಬೇರೆ: ಬ್ರೆಜಿಲ್ ಬೀಟೆ, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್ನಟ್. 52 ಗಿಟಾರ್ ವಾದಕರು ಮಂದ ಬೆಳಕಿನಲ್ಲಿ ಬೆಸುಗೆ ಹಾಕುವವರ ಕಪ್ಪು ಕನ್ನಡಕ ಹಾಕಿಕೊಂಡು, ಮರ ಕಾಣದಂತೆ, ಒಂದೊಂದನ್ನೂ ನುಡಿಸಿ ಅಂಕ ಕೊಟ್ಟರು. ಆರೂ ಗಿಟಾರುಗಳಿಗೆ ಬಿದ್ದ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಗಿಟಾರುಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವುದರಲ್ಲೂ ವಾದಕರು ಅಷ್ಟೇನೂ ಗೆಲ್ಲಲಿಲ್ಲ. ಮೊದಲ ಅನುಬಂಧದ ದುಬಾರಿ ಮರವನ್ನು ಕಿವಿ ಗುರುತು ಹಿಡಿಯಲಿಲ್ಲ.

ಈ ಒಂದೇ ಪ್ರಯೋಗದಿಂದ ಎಲ್ಲ ಚರ್ಚೆ ಮುಗಿಯಿತು ಎನ್ನಲಾರೆ. ಬೀಟೆಯ ಗುಣ ಧ್ವನಿಯಲ್ಲಷ್ಟೇ ಇಲ್ಲ. ಬಾಗಿಸಿದರೆ ಬಾಗುತ್ತದೆ, ಬಾಗಿದ ಮೇಲೆ ಆಕಾರ ಬಿಡುವುದಿಲ್ಲ, ಹವೆಯ ತೇವಕ್ಕೆ ಬೇಗ ಹಿಗ್ಗಿ ಕುಗ್ಗುವುದಿಲ್ಲ. ಇವೆಲ್ಲ ಕುಶಲಕರ್ಮಿಗೆ ಬೇಕಾದವೇ. ಆದರೆ ಅಳಿಯುತ್ತಿರುವ ಮರಕ್ಕೆ ಬದಲಿಯೇ ಇಲ್ಲ ಎಂಬ ವಾದ ಇನ್ನು ನಿಲ್ಲದು.

ಕಾಡಿನ ಕಡೆಯಿಂದಲೂ ಬದಲಾವಣೆ ಸಾಧ್ಯವೆಂದು ಕ್ಯಾಮರೂನ್‌ನ ಉದಾಹರಣೆ ಹೇಳುತ್ತದೆ. ಅಲ್ಲಿನ ರಾಜಧಾನಿ ಯಾವುಂಡೆಯ ಕರಿಮರದ ಗಿರಣಿಯೊಂದನ್ನು 2011ರಲ್ಲಿ ಟೇಲರ್ ಗಿಟಾರ್ ಕಂಪನಿ ಸ್ಪೇನಿನ ಮಡಿಂಟರ್ ಕಂಪನಿಯ ಜೊತೆ ಸೇರಿ ಕೊಂಡಿತು. ಚೇಗು ಪೂರ್ತಿ ಕಪ್ಪಗಿರುವ ಕರಿಮರ ಹತ್ತರಲ್ಲಿ ಒಂದು, ಅದೂ ಕಡಿದ ಮೇಲಷ್ಟೇ ಗೊತ್ತಾಗುವುದು. ಕಂದು ಗೆರೆಗಳಿದ್ದ ಉಳಿದ ಮರಗಳಿಗೆ ಕೊಳ್ಳುವವರಿಲ್ಲವೆಂದು ಅವನ್ನು ಕಾಡಿನಲ್ಲೇ ಕೊಳೆಯಲು ಬಿಡುತ್ತಿದ್ದರು. ಇದನ್ನು ಕಂಡ ಟೇಲರ್ ಕಂಪನಿಯ ಬಾಬ್ ಟೇಲರ್ ಗೆರೆಯುಳ್ಳ ಕರಿಮರವನ್ನೂ ತಮ್ಮ ಉತ್ತಮ ಗಿಟಾರುಗಳಲ್ಲಿ ಬಳಸುವುದಾಗಿ ಸಾರಿದರು. ಹತ್ತು ಮರ ಉರುಳಿಸಿ ಒಂದನ್ನು ಬಳಸುವ ಪದ್ಧತಿಗೆ ಇದರಿಂದ ಪೆಟ್ಟು ಬಿತ್ತು. ಆ ಕಂದು ಗೆರೆಗಳಿಂದ ನಾದಕ್ಕೆ ಏನೂ ಆಗಲಿಲ್ಲ, ಬದಲಾಗಬೇಕಿದ್ದುದು ಕೊಳ್ಳುವವರ ಕಣ್ಣು.

ಇನ್ನು ನಮ್ಮ ಮನೆಯಂಗಳ. ಭಾರತದಲ್ಲಿ ಸೈಟಿಸ್‌ಗೆ ಗಟ್ಟಿ ಕಾನೂನಿನ ಬಲ ಬಂದದ್ದು ತಡವಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಅದಕ್ಕೆಂದೇ ಪ್ರತ್ಯೇಕ ಅಧ್ಯಾಯ, ಪ್ರತ್ಯೇಕ ಅನುಸೂಚಿ ಸೇರಿಸಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕರ್ನಾಟಕದ ಕಾಡಿನ ಬೀಟೆ ಇವತ್ತು ಕಾನೂನುಬದ್ಧವಾಗಿ ಹೊರಬರುವುದು ಬಹುಮಟ್ಟಿಗೆ ಸರ್ಕಾರಿ ನಾಟಾ ಡಿಪೊಗಳ ಹರಾಜಿನಲ್ಲಿ. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಕಾಡಿನಲ್ಲಿ ಮನಬಂದಂತೆ ಕಡಿಯುವುದಕ್ಕೆ ತಡೆಬಿದ್ದಿದೆ. ಡಿಪೊದ ಹರಾಜಿನ ರಸೀದಿ ಮತ್ತು ಸಾಗಣೆ ಪಾಸು ಸರಿಯಿದ್ದರೆ, ದಿಮ್ಮಿಯಿಂದ ಫಿಂಗರ್‌ಬೋರ್ಡಿನವರೆಗಿನ ಕಾಗದದ ಸರಪಳಿಗೆ ಮೊದಲ ಕೊಂಡಿ ಸಿಕ್ಕಂತೆ. ಆ ಮೊದಲ ಕೊಂಡಿ ಸುಳ್ಳಾದರೆ ಮುಂದಿನ ಎಲ್ಲ ಮೊಹರುಗಳೂ ಸುಳ್ಳಿನ ಮೇಲೆ ಬಿದ್ದ ಮೊಹರುಗಳೇ.

ಬೀಟೆಯ ಇನ್ನೊಂದು ನೆಲೆ ಕಾಫಿ ತೋಟಗಳು. ಕೊಡಗು, ಚಿಕ್ಕಮಗಳೂರು, ಹಾಸನದ ಹಳೆಯ ತೋಟಗಳಲ್ಲಿ ಬೀಟೆ, ನಂದಿ, ಮತ್ತಿ, ಹೊನ್ನೆಗಳು ಕಾಫಿಗೆ ನೆರಳಾಗಿ ನಿಂತಿವೆ. ಸ್ವಂತ ತೋಟದ ಬೀಟೆಯನ್ನು ಕಡಿಯಲು ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸು ಬೇಕು. ಕೊಡಗಿನಲ್ಲಿ ಜಮೀನಿನ ಹಿಡುವಳಿ ಯಾವ ಬಗೆಯದು ಎಂಬುದರ ಮೇಲೆ ಮರದ ಬೆಲೆ ಯಾರಿಗೆ ಸೇರಬೇಕೆಂಬ ತಕರಾರು ಬ್ರಿಟಿಷರ ಕಾಲದಿಂದಲೂ ಇದೆ. ಮರ ಉಳಿಸಲೆಂದು ಮಾಡಿದ ಈ ನಿಯಮಗಳಿಂದ ಆಗಿರುವುದೇನು? ಬೆಳೆಗಾರ ಹೊಸದಾಗಿ ಬೀಟೆ ನೆಡುವುದಿಲ್ಲ. ತಾನಾಗಿ ಎದ್ದ ಬೀಟೆಯ ಸಸಿಯನ್ನು ಕಳೆ ಕೀಳುವಾಗಲೇ ತೆಗೆಸಿಬಿಡುತ್ತಾನೆ. ಆ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬರುತ್ತದೆ. ಬೇಗ ಬೆಳೆಯುತ್ತದೆ, ಕರಿಮೆಣಸು ಹಬ್ಬಿಸಬಹುದು, ಕಡಿಯಲು ಯಾರನ್ನೂ ಕೇಳಬೇಕಿಲ್ಲ. ಕೊಡಗಿನ ತೋಟಗಳಲ್ಲಿ ನಾಡಮರಗಳು ಸರಿದು ಸಿಲ್ವರ್ ಓಕ್ ತುಂಬಿಕೊಳ್ಳುತ್ತಿರುವುದನ್ನು ಸಂಶೋಧಕರು ವಿವರವಾಗಿ ದಾಖಲಿಸಿದ್ದಾರೆ. ನೂರು ವರ್ಷದ ಬೀಟೆಯನ್ನು ಕಾನೂನು ಕಾಯುತ್ತಿದೆ, ಒಂದು ವರ್ಷದ ಸಸಿಯನ್ನು ಅದೇ ಕಾನೂನು ಕೊಲ್ಲಿಸುತ್ತಿದೆ. ಜಾವಾದಲ್ಲಿ ಇದೇ ಮರವನ್ನು ರೈತರು ಹಿತ್ತಲಲ್ಲಿ ಬೆಳೆಸಿ ಮಾರುತ್ತಿರುವಾಗ, ಅದರ ತವರಿನಲ್ಲಿ ಹೀಗಾಗುತ್ತಿರುವುದು ನೋವಿನ ಸಂಗತಿ.

ಗಿಟಾರ್ ಕೊಳ್ಳುವವರು ಮರದ ಪೂರ್ತಿ ಹೆಸರು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಲಿ. 'ರೋಸ್‌ವುಡ್' ಎಂದಷ್ಟೇ ಬರೆದರೆ ಸಾಲದು. ಮನೆಯಲ್ಲಿ ಹಳೆಯ ವಿದೇಶಿ ಗಿಟಾರಿದ್ದರೆ ಅದರ ಹಳೆಯ ಕಾಗದಗಳನ್ನು ಜೋಪಾನ ಮಾಡಲಿ, ಹೊರದೇಶಕ್ಕೆ ಒಯ್ಯುವ ಮೊದಲು ಪ್ರಮಾಣಪತ್ರಕ್ಕೆ ಅರ್ಜಿ ಹಾಕಲಿ. ಸರ್ಕಾರ ಮಾಡಬೇಕಾದದ್ದು ಇದಕ್ಕಿಂತ ದೊಡ್ಡದು. ತೋಟದಲ್ಲಿ ಹೊಸದಾಗಿ ನೆಟ್ಟ, ತಾನಾಗಿ ಎದ್ದ ಬೀಟೆ ಸಸಿಗಳನ್ನು ಈಗಲೇ ನೋಂದಾಯಿಸಿಕೊಂಡು, ಮುಂದೊಂದು ದಿನ ಅವನ್ನು ಕಡಿಯುವ ಮತ್ತು ಮಾರುವ ಹಕ್ಕು ಬೆಳೆದವನಿಗೇ ಸೇರಿದ್ದೆಂದು ಬರೆದುಕೊಡಬೇಕು. ಹಳೆಯ ಕಾಡಿನ ಮರಗಳ ಮೇಲಿನ ಕಾವಲನ್ನು ಇದಕ್ಕಾಗಿ ಕೂದಲೆಳೆಯಷ್ಟೂ ಸಡಿಲಿಸಬೇಕಿಲ್ಲ. ನೋಂದಾಯಿಸಿದ ಮರದ ದಾಖಲೆಯೇ ನಾಳೆ ಸೈಟಿಸ್ ಪರವಾನಗಿಗೆ ಆಧಾರವಾಗುತ್ತದೆ. ಈ ತಿದ್ದುಪಡಿಗೆ ಜಿನೀವಾದ ಒಪ್ಪಿಗೆ ಬೇಡ, ಬೆಂಗಳೂರಿನಲ್ಲೇ ಮಾಡಬಹುದು.